ಸೂರಿನಂಚಿನ ಸೊಪ್ಪು

ಆಲೂರು ತಾಲ್ಲೂಕಿನ ಕುಂದೂರು ಹೋಬಳಿಯಲ್ಲಿ ನೆಲಕ್ಕೆ ಬರವಿಲ್ಲ. ಮನೆಯ ಹಿಂದೆ ಹಿತ್ತಲು, ಹಿತ್ತಲು ದಾಟಿದರೆ ಕಾಫಿ, ಕಾಫಿ ಮುಗಿದಲ್ಲಿ ಗದ್ದೆಬಯಲು. ಇಂಥ ಕಡೆ ಕುಂಡದಲ್ಲಿ ಸೊಪ್ಪು ಬೆಳೆಯುವ ಮಾತು ತೆಗೆದರೆ ಅದೆಲ್ಲ ಬೆಂಗಳೂರಿನ ಅಪಾರ್ಟ್‌ಮೆಂಟಿನವರ ಹವ್ಯಾಸ ಎಂದು ನಕ್ಕುಬಿಡುತ್ತಾರೆ. ನಗುವವರು ಆಷಾಢದಲ್ಲೊಮ್ಮೆ ತಮ್ಮ ಹಿತ್ತಲನ್ನೇ ನೋಡಬೇಕು. ಆರಿದ್ರೆ ಮಳೆ ಹಿಡಿದು ಆಶ್ಲೇಷ ಮಳೆ ಬಿಡುವವರೆಗೆ ಅಲ್ಲಿ ಕೊತ್ತಂಬರಿ ಏಳುವುದಿಲ್ಲ, ಎದ್ದದ್ದು ನಿಲ್ಲುವುದಿಲ್ಲ. ಮೆಂತ್ಯ ಬುಡದಲ್ಲೇ ಕರಗುತ್ತದೆ. ಪುದೀನದ ಎಲೆ ಕಪ್ಪಿಡುತ್ತದೆ. ಎಕರೆಗಟ್ಟಲೆ ತೋಟವಿದ್ದವರೂ ಸಾರಿಗೆ ಉದುರಿಸುವ ಸೊಪ್ಪಿಗೆ ಪೇಟೆಯ ಕಟ್ಟನ್ನೇ ಕಾಯುವ ದಿನಗಳು ಅವು. ಆಗ ಇಡೀ ಆಸ್ತಿಯಲ್ಲಿ ಸೊಪ್ಪಿಗೆ ಒದಗುವ ಜಾಗವೆಂದರೆ ಸೂರಿನ ಕೆಳಗಿನ ಮೂರಡಿ ಜಗಲಿ. ಮಲೆನಾಡಿನಲ್ಲಿ ಜಾಗವನ್ನು ಸಣ್ಣದು ಮಾಡುವುದು ಮಳೆ.

ಇನ್ನೊಂದು ಕಾರಣ ಆನೆ. 2014ರಲ್ಲಿ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಸಕಲೇಶಪುರ–ಆಲೂರಿನ ತೋಟಗಳಲ್ಲಿ ಅವುಗಳ ಓಡಾಟ ನಿಂತಿಲ್ಲ. ಕತ್ತಲು ಹರಿಯುವ ಮುಂಚೆ ನಾಲ್ಕೆಸಳು ಕೊತ್ತಂಬರಿಗಾಗಿ ಹಿತ್ತಲಿನಾಚೆ ಹೋಗುವ ಧೈರ್ಯ ಈಗ ಯಾರಿಗಿದೆ? ಜಗಲಿಯ ಪುದೀನ ಕುಂಡಕ್ಕೆ ಆನೆಯ ಕಾಟವಿಲ್ಲ.

ನೀರು ಗಿಡಕ್ಕೆ ಜೀವ ಎನ್ನುತ್ತೇವೆ, ಮತ್ತೆ ಇಷ್ಟೊಂದು ನೀರಿನಲ್ಲಿ ಸೊಪ್ಪು ಸಾಯುವುದೇಕೆ? ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವೆ ಗಾಳಿ ತುಂಬಿದ ಸಂದುಗಳಿದ್ದರೆ ಆಮ್ಲಜನಕ ಬೇರಿಗೆ ಸಲೀಸಾಗಿ ತಲುಪುತ್ತದೆ. ಆ ಸಂದುಗಳಲ್ಲಿ ನೀರು ನಿಂತರೆ ಅದೇ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಚಲಿಸುತ್ತದೆ. ಬೇರು ಉಸಿರುಕಟ್ಟಿ ಸೋಲುವ ಹೊತ್ತಿಗೆ ಪಿಥಿಯಂ ಎಂಬ ಜೀವಿ ಬಂದು ಎಳೆ ಸಸಿಯ ಬುಡವನ್ನು ಕೊಳೆಸುತ್ತದೆ. ನೋಡಲು ಬೂಷ್ಟಿನಂತಿದ್ದರೂ ಇದು ನಿಜವಾದ ಶಿಲೀಂಧ್ರವಲ್ಲ, ಕಂದು ಪಾಚಿಗಳ ಕಡೆಯ ನೆಂಟ. ಇದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಅಡಿಕೆಗೆ ಕೊಳೆರೋಗ ತರುವ, ಕರಿಮೆಣಸಿನ ಬಳ್ಳಿಯನ್ನು ವಾರದಲ್ಲಿ ಸೊರಗಿಸುವ ಫೈಟಾಫ್ಥೊರಾ ಇದೇ ಬಳಗದ್ದು. ಬಳ್ಳಿಯ ಬುಡದಲ್ಲಿ ನೀರು ನಿಲ್ಲದಂತೆ ಕಾಲುವೆ ಬಿಡಿಸುವ ಬೆಳೆಗಾರರಿಗೆ ಈ ಪಾಠ ಹೊಸದಲ್ಲ. ಅಡುಗೆಮನೆಯ ಕುಂಡಕ್ಕೂ ಅದು ಅನ್ವಯಿಸುತ್ತದೆ ಎಂಬುದು ಮಾತ್ರ ಮರೆತುಹೋಗುತ್ತದೆ.

ಕುಂಡದ ಅಡಿಯಲ್ಲಿ ಓಡಿನ ಚೂರು, ಜಲ್ಲಿ ಹಾಕಿ ಅದರ ಮೇಲೆ ಮಣ್ಣು ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಭೌತಶಾಸ್ತ್ರ ಬೇರೆಯದನ್ನೇ ಹೇಳುತ್ತದೆ. ಒಗೆದ ಸೀರೆಯನ್ನು ತಂತಿಗೆ ಹಾಕಿದಾಗ ಮೇಲ್ಭಾಗ ಒಣಗಿದರೂ ಕೆಳಗಿನ ಅಂಚು ತೊಟ್ಟಿಕ್ಕುತ್ತಲೇ ಇರುತ್ತದಲ್ಲ, ಕುಂಡದ ಮಣ್ಣಿನಲ್ಲೂ ನಡೆಯುವುದು ಅದೇ. ಸಣ್ಣ ಸಂದುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಗುರುತ್ವ ಕೆಳಕ್ಕೆ ಎಳೆಯುತ್ತದೆ. ಎರಡೂ ಸರಿದೂಗುವ ಮಟ್ಟದವರೆಗೆ ತಳದ ಮಣ್ಣು ಪೂರ್ತಿ ನೆನೆದೇ ಇರುತ್ತದೆ. ಆ ನೆನೆದ ಪದರದ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ನುಣುಪು. ಕುಂಡದ ಎತ್ತರಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಆರಿಂಚಿನ ತಟ್ಟೆಯಂಥ ಕುಂಡದಲ್ಲಿ ಅರ್ಧ ಮಣ್ಣು ಕೆಸರಾಗಿದ್ದರೆ, ಅದೇ ಮಣ್ಣು ತುಂಬಿದ ಒಂದಡಿ ಬಕೆಟ್ಟಿನಲ್ಲಿ ಮುಕ್ಕಾಲು ಪಾಲು ಬೇರಿಗೆ ಹಿತವಾಗಿರುತ್ತದೆ. ಅಡಿಗೆ ಜಲ್ಲಿ ಹಾಕಿದಾಗ ಆಗುವುದಿಷ್ಟೇ: ನುಣುಪು ಮಣ್ಣಿನ ನೀರು ಒರಟು ಜಲ್ಲಿಗೆ ಇಳಿಯಲು ಒಪ್ಪದೆ ಅದರ ಮೇಲೆಯೇ ನಿಲ್ಲುತ್ತದೆ, ನೆನೆದ ಪದರ ಬೇರಿಗೆ ಇನ್ನೂ ಹತ್ತಿರ ಬರುತ್ತದೆ. ಮಣ್ಣು ಸೋರದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು. ಮೊಂಡು ಕೆಸರಿನ ಕುಂಡವಿದ್ದರೆ ಹಳೆಯ ಹತ್ತಿಬಟ್ಟೆಯ ಪಟ್ಟಿಯೊಂದನ್ನು ತೂತಿನಿಂದ ಒಳಕ್ಕೆ ತೂರಿಸಿ ಒಂದು ಗೇಣು ಹೊರಗೆ ಜೋತುಬಿಡಿ. ನೀರಿಗೆ ಇಳಿಯಲು ಹಾದಿ ಉದ್ದವಾಗುತ್ತದೆ, ಪಟ್ಟಿಯ ತುದಿಯಿಂದ ಹನಿ ಉದುರುತ್ತದೆ.

ಮಣ್ಣಿನ ಮಿಶ್ರಣಕ್ಕೆ ಕಾಫಿ ಸಸಿಮಡಿಯವರನ್ನೇ ಕೇಳಬಹುದು. ಕಾಡುಮಣ್ಣು ಆರು ಪಾಲು, ಕಳಿತ ಗೊಬ್ಬರ ಎರಡು, ಮರಳು ಒಂದು: ಕಾಫಿ ಮಂಡಳಿ ಹೇಳುವ ಈ 6:2:1 ಲೆಕ್ಕದಲ್ಲೇ ಇಲ್ಲಿನ ಮನೆಗಳು ಪಾಲಿಥಿನ್ ಚೀಲ ತುಂಬುತ್ತವೆ. ಸೊಪ್ಪಿಗೆ ಇದೇ ಮಿಶ್ರಣದಲ್ಲಿ ಮರಳನ್ನು ಎರಡು ಮೂರು ಪಾಲಿಗೆ ಏರಿಸಿದರಾಯಿತು, ಅದೂ ದಪ್ಪ ಮರಳು. ಒಂದು ಎಚ್ಚರಿಕೆ: ಮಳೆಗೆ ಮುಂಚೆ ಕಾಫಿಗೆ, ಮೆಣಸಿಗೆ ಬೋರ್ಡೊ ದ್ರಾವಣ ಹೊಡೆಯುವ ದಿನ ಜಗಲಿಯ ಕುಂಡಗಳನ್ನು ಒಳಗಿಡಬೇಕು. ಮೈಲುತುತ್ತ ಬೆರೆತ ಆ ನೀಲಿ ಹನಿ ಹಾಗೇ ಕಿತ್ತು ತಿನ್ನುವ ಎಲೆಯ ಮೇಲೆ ಬೀಳಬಾರದು.

ನೀರಿನ ಕಾಟ ತಪ್ಪಿದ ಮೇಲೆ ಉಳಿಯುವುದು ಬೆಳಕು. ನಮ್ಮ ಕಣ್ಣು ಇಲ್ಲಿ ಭಾರಿ ಮೋಸ ಮಾಡುತ್ತದೆ. ನೆತ್ತಿಯ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಬೆಳಕು ಕೊಟ್ಟರೆ ಮೋಡ ಕವಿದ ಹಗಲು ಹತ್ತು ಸಾವಿರ. ದಟ್ಟ ಮಳೆಮೋಡವಿದ್ದರೆ ಒಂದೆರಡು ಸಾವಿರ. ದೀಪ ಹಚ್ಚಿದ ಕೋಣೆಯಲ್ಲಿ ಕೆಲವು ನೂರು ಮಾತ್ರ. ನೂರಾರು ಪಟ್ಟು ವ್ಯತ್ಯಾಸವಿದ್ದರೂ ಪಾಪೆ ಹಿಗ್ಗಿಸಿ ಕುಗ್ಗಿಸಿ ಎಲ್ಲವನ್ನೂ ಬೆಳಕು ಎಂದೇ ಕಾಣುವ ಕಣ್ಣು ನಮ್ಮದು, ಗಿಡಕ್ಕೆ ಆ ಸೌಕರ್ಯವಿಲ್ಲ. ಅಡುಗೆಮನೆಯ ಕಪಾಟಿನ ಮೇಲೆ ಚಂದಕ್ಕೆ ಇಟ್ಟ ತುಳಸಿ ತಿಂಗಳಲ್ಲಿ ಕಡ್ಡಿಯಾಗುವುದು ಹಸಿವಿನಿಂದ.

ಹೊರದೇಶದ ತೋಟದ ಪುಸ್ತಕಗಳೆಲ್ಲ ದಕ್ಷಿಣದ ಕಿಟಕಿಯಲ್ಲಿ ಕುಂಡವಿಡಿ ಎನ್ನುತ್ತವೆ. ಲಂಡನ್ನಿಗೆ ಅದು ಸರಿ. ಆಲೂರು ಇರುವುದು ಸಮಭಾಜಕದಿಂದ 13 ಡಿಗ್ರಿ ಉತ್ತರಕ್ಕೆ. ಇಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಅಂದರೆ ಮುಂಗಾರಿನಲ್ಲಿ ಮೋಡದ ಸಂದಿನಿಂದ ಬೀಳುವ ಅಷ್ಟಿಷ್ಟು ಬಿಸಿಲು ಸಿಗುವುದು ಉತ್ತರದ ಜಗಲಿಗೆ. ಮಾರ್ಗಶಿರದ ಹೊತ್ತಿಗೆ ಸೂರ್ಯ ದಕ್ಷಿಣದ ಕಡೆ ವಾಲಿ 54 ಡಿಗ್ರಿಗಿಂತ ಮೇಲೇರುವುದಿಲ್ಲ. ಆಗ ದಕ್ಷಿಣದ ಜಗಲಿಯ ಒಳಗೋಡೆಯವರೆಗೂ ಬಿಸಿಲು ಬರುತ್ತದೆ. ಕುಂಡದ ಅನುಕೂಲವೇ ಇದು, ವರ್ಷಕ್ಕೆರಡು ಸಲ ಎತ್ತಿ ಆಚೆ ಬದಿಗೆ ಇಡಬಹುದು.

ಬೆಂಗಳೂರಿನ ತಾರಸಿಗಳಲ್ಲಿ ಇವೆಲ್ಲ ಲೆಕ್ಕಾಚಾರ ಈಗ ಸಾಕಷ್ಟು ಬೆಳೆದಿದೆ. ಕೃಷಿ ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್ ಸಾವಯವ ತಾರಸಿ ತೋಟವನ್ನು ಸಾವಿರಾರು ಜನರಿಗೆ ಕಲಿಸಿದರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹಲವು ಸಲ ಕೊಯ್ಯಬಹುದಾದ ‘ಅರ್ಕಾ ಇಶಾ’ ಕೊತ್ತಂಬರಿ ತಳಿ ಕೊಟ್ಟಿದೆ. ಕುಂದೂರಿನವರಿಗೆ ನಾನು ಅದನ್ನು ಗೌರಿಹಬ್ಬ ಕಳೆದ ಮೇಲೆ ಬಿತ್ತಲು ಹೇಳುತ್ತೇನೆ. ಧನಿಯಾ ಎಂದು ನಾವು ಕರೆಯುವ ಕಾಳು ನಿಜಕ್ಕೆ ಎರಡು ಬೀಜಗಳು ಅಂಟಿಕೊಂಡ ಹಣ್ಣು. ಅದನ್ನು ಮೆಲ್ಲಗೆ ಉಜ್ಜಿ ಎರಡಾಗಿಸಿ, ಒಂದು ರಾತ್ರಿ ನೆನೆಸಿ ಬಿತ್ತಿದರೆ ಮೊಳಕೆ ಒಂದೇ ಸಮ ಬರುತ್ತದೆ.

ಮಳೆಗಾಲಕ್ಕೆ? ಅದಕ್ಕೆ ಉತ್ತರ ಈ ಸೀಮೆಯ ಕಾಫಿ ತೋಟದ ಮನೆಗಳ ಹಿಂದೆಯೇ ಇದೆ: ಕಾಡುಕೊತ್ತಂಬರಿ. ಹೆಸರಿನಲ್ಲಿ ಕಾಡಿದ್ದರೂ ಇದು ನಮ್ಮ ಕಾಡಿನದಲ್ಲ, ಉಷ್ಣವಲಯದ ಅಮೆರಿಕದಿಂದ ಬಂದದ್ದು. ನೆಲಕ್ಕಂಟಿದಂತೆ ಸುತ್ತಲೂ ಹರಡುವ, ಗರಗಸದಂಚಿನ ಉದ್ದ ಎಲೆ. ವಿಯೆಟ್ನಾಮಿನ ಸೂಪಿಗೂ ಮಣಿಪುರದ ಅಡುಗೆಗೂ ಇದು ಬೇಕೇ ಬೇಕು. ಕೊತ್ತಂಬರಿಗೂ ಇದಕ್ಕೂ ಎಲೆಯಲ್ಲಿ ಏನೂ ಹೋಲಿಕೆಯಿಲ್ಲ, ಆದರೆ ವಾಸನೆ ಒಂದೇ. ಕಾರಣ ಎರಡರಲ್ಲೂ ಆಲ್ಡಿಹೈಡ್ ಎಂಬ ಒಂದೇ ಗುಂಪಿನ ಅಣುಗಳಿವೆ. ಕಾಡುಕೊತ್ತಂಬರಿಯಲ್ಲಿ ಅವು ಗಟ್ಟಿ, ಆದ್ದರಿಂದ ಒಂದು ಹಿಡಿ ಕೊತ್ತಂಬರಿಯ ಕೆಲಸಕ್ಕೆ ಎರಡು ಎಲೆ ಸಾಕು. ಕುದಿತಕ್ಕೂ ಬೇಗ ಸೋಲುವುದಿಲ್ಲ. ಕಡುಬಿನ ಜೊತೆಗಿನ ಕೋಳಿಸಾರಿಗೆ ಇದನ್ನು ಮೀರಿಸಿದ ಸೊಪ್ಪು ನನ್ನ ಲೆಕ್ಕದಲ್ಲಿಲ್ಲ. ಬಿಸಿಲು ಹೆಚ್ಚಾದರೆ ಬೇಗ ಮುಳ್ಳುಮುಳ್ಳು ಹೂಗೊಂಚಲು ಎತ್ತಿ ಎಲೆ ಬಿಡುವುದನ್ನು ನಿಲ್ಲಿಸುತ್ತದೆ. ನೆರಳಿದ್ದರೆ ಹೂ ತಡವಾಗಿ ಎಲೆ ಅಗಲವಾಗುತ್ತದೆ. ನೆರಳು, ತೇವ, ತಂಪು ಮೂರನ್ನೂ ಬಯಸುವ ಸೊಪ್ಪಿಗೆ ಸಕಲೇಶಪುರಕ್ಕಿಂತ ಬೇರೆ ಸ್ವರ್ಗ ಬೇಕೆ? ಹೂದಂಟು ಕಂಡ ತಕ್ಷಣ ಚಿವುಟುತ್ತಿದ್ದರೆ ಒಂದು ಕುಂಡ ತಿಂಗಳುಗಟ್ಟಲೆ ಬಾಳುತ್ತದೆ. ಪೇಟೆಯ ಕೊತ್ತಂಬರಿ ಕಟ್ಟಿನ ಮುಂದೆ ಇದಕ್ಕೆ ಬೆಲೆಯಿಲ್ಲವಾದದ್ದು ಮಲೆನಾಡಿಗರ ಸಂಕೋಚ ಎಂದೇ ನನ್ನ ಅನುಮಾನ.

ಒಂದೆಲಗವೂ ತೇವದ ಗಿಡ. ಗದ್ದೆಯಂಚಿನಲ್ಲಿ ಬೇಕಾದಷ್ಟು ಸಿಗುತ್ತದೆ ನಿಜ. ಆದರೆ ಅದು ನೀರಿನಲ್ಲಿರುವ ಭಾರಲೋಹಗಳನ್ನು ಹೀರಿಕೊಳ್ಳುವ ಗುಣದ್ದು, ಕೊಚ್ಚೆಯ ಪಕ್ಕ ಬೆಳೆದದ್ದನ್ನು ಹಸಿಯಾಗಿ ಅರೆದು ತಿನ್ನುವುದಕ್ಕಿಂತ ಅಗಲ ಬಾಣಲೆಯಂಥ ಕುಂಡದಲ್ಲಿ ಬೆಳೆದದ್ದು ಮೇಲು. ದೊಡ್ಡಪತ್ರೆ ಇದಕ್ಕೆ ತದ್ವಿರುದ್ಧ. ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಅದಕ್ಕೆ ನಿಮ್ಮ ಬಕೆಟ್ ನೀರು ಬೇಡ. ಒಂದು ಗೇಣು ಟೊಂಗೆ ಮುರಿದು ನೆಟ್ಟು ಮರೆತುಬಿಟ್ಟರೆ ಚೆನ್ನಾಗಿ ಬರುತ್ತದೆ.

ದೊಡ್ಡಪತ್ರೆಯ ಎಲೆಯನ್ನು ಬೆರಳಿನಿಂದ ಸವರಿದರೆ ಸಾಕು, ಕೈಯೆಲ್ಲ ಓಮದ ವಾಸನೆ. ಪುದೀನ, ತುಳಸಿಯೂ ಹಾಗೆಯೇ. ಈ ಬಳಗದ ಗಿಡಗಳು ಎಲೆಯ ಮೇಲ್ಮೈಯಲ್ಲೇ ಎದ್ದುನಿಂತ ಸಣ್ಣ ರೋಮಗ್ರಂಥಿಗಳಲ್ಲಿ ಎಣ್ಣೆ ತುಂಬಿಟ್ಟಿರುತ್ತವೆ, ಮುಟ್ಟಿದರೆ ಒಡೆಯುತ್ತವೆ. ಕರಿಬೇವು ಎಣ್ಣೆಯನ್ನು ಎಲೆಯ ಒಳಗೇ ಚುಕ್ಕಿಚುಕ್ಕಿಯಾಗಿ ಬಚ್ಚಿಡುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಆ ಚುಕ್ಕಿಗಳು ಕಾಣುತ್ತವೆ. ಅದನ್ನು ಹರಿದು ಬಿಸಿ ಎಣ್ಣೆಗೆ ಹಾಕಿದಾಗಲೇ ಪೂರ್ತಿ ಪರಿಮಳ ಬಿಡುವುದು ಅದಕ್ಕೇ. ಈ ಎಣ್ಣೆಗಳು ಇರುವುದು ಗಿಡದ ಕಾವಲಿಗೆ. ದೊಡ್ಡಪತ್ರೆಯ ಕಾರ್ವಕ್ರಾಲ್, ಥೈಮಾಲ್‌ಗಳು ಸೂಕ್ಷ್ಮಜೀವಿಗಳ ಹೊದಿಕೆಯನ್ನೇ ತೂತುಮಾಡಬಲ್ಲವು. ತಿನ್ನಲು ಬರುವ ಹುಳುವಿಗೂ ಅದು ವಿಷ, ಎಲ್ಲ ಹುಳುವಿಗೂ ಅಲ್ಲದಿದ್ದರೂ. ಕರಿಬೇವಿನ ಸಸಿಯನ್ನು ಒಂದೇ ವಾರದಲ್ಲಿ ಬೋಳಿಸುವ ಹಸಿರು ಹುಳ ಅದೇ ವಾಸನೆ ಹಿಡಿದು ಬರುವ ಚಿಟ್ಟೆಯ ಮರಿ. ಆ ಚಿಟ್ಟೆ ಚಂದವಿದೆ, ಬಿಟ್ಟುಬಿಡಿ ಎನ್ನಲು ನನಗೆ ಮನಸ್ಸುಂಟು, ಕರಿಬೇವು ಒಂದೇ ಇದ್ದವರಿಗೆ ಹೇಳಲಾರೆ. ಗೊಬ್ಬರ, ನೀರು, ನೆರಳು ಮೂರೂ ಅತಿಯಾದ ಗಿಡ ಸಾಮಾನ್ಯವಾಗಿ ಎಲೆ ದೊಡ್ಡದು ಮಾಡಿ ಪರಿಮಳ ಕಳೆದುಕೊಳ್ಳುತ್ತದೆ. ಬಿಸಿಲು ಕಂಡು ಸ್ವಲ್ಪ ಬಳಲಿದ ಪುದೀನಕ್ಕೇ ಘಾಟು ಹೆಚ್ಚು.

ನಮ್ಮ ಹಿತ್ತಲ ಪುದೀನದಲ್ಲಿ ಮುಖ್ಯವಾಗಿರುವುದು ಕಾರ್ವೋನ್. ಸಬ್ಬಸಿಗೆ ಬೀಜದಲ್ಲಿ ಇರುವುದೂ ಕಾರ್ವೋನೇ! ಅಷ್ಟೇ ಇಂಗಾಲ, ಅಷ್ಟೇ ಹೈಡ್ರೋಜನ್, ಜೋಡಣೆಯೂ ಅದೇ. ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಾಗಿದೆ, ಅಷ್ಟೇ. ಆದರೂ ಒಂದು ಪುದೀನ, ಇನ್ನೊಂದು ಸಬ್ಬಸಿಗೆ. ಮೂಗು ಅಣುವಿನ ಎಡ-ಬಲವನ್ನೂ ಗುರುತಿಸುತ್ತದೆ ಎಂಬುದು 1971ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಬಂಧಗಳಿಂದ ಖಚಿತವಾಯಿತು. ಅಂಗಡಿಯ ಪೆಪ್ಪರ್‌ಮಿಂಟಿನ ತಣ್ಣನೆಯ ಹೊಡೆತ ಬೇರೆ ಪುದೀನದ್ದು, ಅದು ಮೆಂಥಾಲ್. ತಂಪನ್ನು ತಿಳಿಸುವ ನರದ ಬಾಗಿಲೊಂದನ್ನು ಮೆಂಥಾಲ್ ತೆರೆಯುತ್ತದೆ; ಬಾಯಿ ತಣ್ಣಗಾಗದಿದ್ದರೂ ತಣ್ಣಗಾಯಿತೆಂದು ಮಿದುಳಿಗೆ ಸುದ್ದಿ ಹೋಗುತ್ತದೆ. ಖಾರ ಮತ್ತು ತಂಪಿನ ಇಂಥ ಬಾಗಿಲುಗಳನ್ನು ಹುಡುಕಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪುರಸ್ಕಾರ ಹಂಚಿಕೊಂಡರು. ಕರುಳಿನ ಸೆಳೆತಕ್ಕೆ ಪುದೀನದೆಣ್ಣೆ ಒಳ್ಳೆಯದೆಂದು ಪ್ರಯೋಗಗಳಲ್ಲಿ ಕಂಡಿರುವುದೂ ಈ ಮೆಂಥಾಲ್ ತುಂಬಿದ, ಕರುಳಿನಲ್ಲಿ ಕರಗುವ ಗುಳಿಗೆಯಿಂದ. ಹಿತ್ತಲ ಪುದೀನದ ಚಟ್ನಿಗೆ ಆ ಕೀರ್ತಿ ಕಟ್ಟುವುದು ಸರಿಯಲ್ಲ.

ಇಲ್ಲಿಗೆ ಆರೋಗ್ಯದ ಮಾತಿಗೆ ಬಂದೆವು. ಕೊತ್ತಂಬರಿ ಸೊಪ್ಪಿನಲ್ಲಿ ಸಿ ಜೀವಸತ್ವ ಹೇರಳ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲೂ ಬರೆದಿರುತ್ತದೆ. 100 ಗ್ರಾಂ ಸೊಪ್ಪಿನಲ್ಲಿ ಸುಮಾರು 25 ಮಿಲಿಗ್ರಾಂ ಇರುತ್ತದೆ. ಸಾರಿಗೆ ಉದುರಿಸುವುದು ಐದು ಗ್ರಾಂ. ಸಿಕ್ಕಿದ್ದು ಒಂದು ಮಿಲಿಗ್ರಾಮಿನ ಆಸುಪಾಸು; ಅರ್ಧ ಪೇರಲೆಹಣ್ಣು ಇದರ ಎಷ್ಟೋ ಪಟ್ಟು ಕೊಡುತ್ತದೆ. ಕೆ ಜೀವಸತ್ವದ ಕತೆ ಬೇರೆ. ಹತ್ತು ಗ್ರಾಂ ಕೊತ್ತಂಬರಿಯಲ್ಲಿ ಅದು ಸುಮಾರು 30 ಮೈಕ್ರೊಗ್ರಾಂ, ದಿನದ ಅಗತ್ಯದ ಅರ್ಧದಷ್ಟು. ರಕ್ತ ಹೆಪ್ಪುಗಟ್ಟಲು ಬೇಕಾದ ಜೀವಸತ್ವ ಇದು. ಅದಕ್ಕೇ ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಗುಳಿಗೆ ತಿನ್ನುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು, ಒಮ್ಮೆಲೇ ಬಿಡಲೂಬಾರದು. ದಿನವೂ ಒಂದೇ ಅಳತೆಯಲ್ಲಿದ್ದರೆ ವೈದ್ಯರು ಗುಳಿಗೆಯ ಪ್ರಮಾಣವನ್ನು ಅದಕ್ಕೆ ಹೊಂದಿಸುತ್ತಾರೆ.

ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೊಂದ ದೊಡ್ಡಪತ್ರೆ ಎಣ್ಣೆ ಮಗುವಿನ ಎದೆಯ ಕಫವನ್ನೂ ಹಾಗೆಯೇ ಕರಗಿಸುತ್ತದೆ ಎನ್ನಲು ಬರುವುದಿಲ್ಲ. ತಟ್ಟೆಯಲ್ಲಿ ಎಣ್ಣೆ ನೇರ ಬ್ಯಾಕ್ಟೀರಿಯಾದ ಮೈಮೇಲೆ ಬೀಳುತ್ತದೆ. ಹೊಟ್ಟೆಗೆ ಹೋದದ್ದು ಜಠರ, ಯಕೃತ್ತು ದಾಟಿ ರಕ್ತದಲ್ಲಿ ತೆಳುವಾಗಿ ಶ್ವಾಸಕೋಶ ಮುಟ್ಟಬೇಕು. ಬಾಡಿಸಿದ ಎಲೆ ಹಣೆಗೆ ಹಚ್ಚಿ ಹಿತವೆನಿಸಿದರೆ ಬೇಡವೆನ್ನುವವರಿಲ್ಲ. ರಸಕ್ಕೆ ಜೇನು ಬೆರೆಸಿ ವರ್ಷ ತುಂಬದ ಕೂಸಿಗೆ ನೆಕ್ಕಿಸುವುದು ಮಾತ್ರ ಖಂಡಿತ ಬೇಡ. ಜೇನಿನಲ್ಲಿರಬಹುದಾದ ಬಾಟುಲಿನಂ ಬೀಜಕಣ ಎಳೆಕೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಡಬಲ್ಲದು.

ಚಕ್ರಮುನಿಯ ವಿಷಯವನ್ನು ಬಿಡಿಸಿ ಹೇಳಬೇಕು. ‘ವಿಟಮಿನ್ ಸೊಪ್ಪು’ ಎಂದು ಮಲೆನಾಡಿನ ಎಷ್ಟೋ ಹಿತ್ತಲುಗಳಲ್ಲಿ, ಈಗೀಗ ನಗರದ ಕುಂಡಗಳಲ್ಲೂ ಇರುವ ಗಿಡ. ಪಲ್ಯ, ತಂಬುಳಿ ಎರಡಕ್ಕೂ ಸೊಗಸು. ಆಗ್ನೇಯ ಏಷ್ಯಾದಲ್ಲಿ ತಲೆಮಾರುಗಳಿಂದ ಬೇಯಿಸಿ ತಿಂದಿದ್ದಾರೆ, ತೊಂದರೆಯಾಗಿಲ್ಲ. 1994–95ರಲ್ಲಿ ತೈವಾನಿನಲ್ಲಿ ಇದರ ಹಸಿ ರಸ ಕುಡಿದರೆ ಮೈ ಇಳಿಯುತ್ತದೆ ಎಂಬ ಸುದ್ದಿ ಹಬ್ಬಿತು. ಹಣ್ಣಿನ ರಸದೊಡನೆ ಬೆರೆಸಿ ದಿನಾ ಲೋಟಗಟ್ಟಲೆ ಕುಡಿದರು, ಹೆಚ್ಚಿನವರು ಹೆಣ್ಣುಮಕ್ಕಳು. ಕೆಲವು ವಾರಗಳಲ್ಲಿ ಕೆಮ್ಮು, ಏದುಸಿರು. ಶ್ವಾಸಕೋಶದ ಸಣ್ಣ ಕೊಳವೆಗಳು ಗಾಯಗೊಂಡು ಮುಚ್ಚಿಹೋಗುವ, ಮತ್ತೆ ತೆರೆಯದ ಕಾಯಿಲೆ ಅದು. ಇನ್ನೂರಕ್ಕೂ ಹೆಚ್ಚು ಜನ ಆಸ್ಪತ್ರೆಗೆ ಬಂದರು. ಕೆಲವರಿಗೆ ಶ್ವಾಸಕೋಶವನ್ನೇ ಬದಲಿಸಬೇಕಾಯಿತು, ಕೆಲವರು ತೀರಿಕೊಂಡರು. ಗಿಡ ಅದೇ, ಎಲೆ ಅದೇ. ಬದಲಾದದ್ದು ಬೆಂಕಿ ಮತ್ತು ಅಳತೆ.

ಕೋವಿಡ್ ಕಾಲದ ಅಮೃತಬಳ್ಳಿ ಕಷಾಯದ್ದೂ ಇದೇ ಜಾತಿಯ ಸಂಗತಿ. 2020ರ ಕೊನೆಯ ತಿಂಗಳುಗಳಲ್ಲಿ ಅದನ್ನು ಕುಡಿದು ಯಕೃತ್ತು ಬಾತು ಬಂದ ಆರು ರೋಗಿಗಳ ವಿವರವನ್ನು ಮುಂಬೈಯ ವೈದ್ಯರು ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ನೋಡಲು ಹಾಗೇ ಇರುವ ಬೇರೆ ಬಳ್ಳಿ ಇರಬಹುದೆಂದಿತು. ಹಾಗಿದ್ದರೂ ಬೇಲಿಯ ಬಳ್ಳಿಯನ್ನು ಗುರುತು ತಪ್ಪಿ ದಿನಾ ಕುದಿಸಿ ಕುಡಿಯುವುದರ ಅಪಾಯವೇನೂ ಕಡಿಮೆಯಾಗುವುದಿಲ್ಲ.

ತಂಬುಳಿಯನ್ನು ಬೆಂಕಿ, ಅಳತೆಗಳ ಈ ಕಣ್ಣಿನಿಂದ ನೋಡಿದರೆ ಅದರ ಜಾಣ್ಮೆ ತಿಳಿಯುತ್ತದೆ. ಸಾಗರ, ಶಿರಸಿ ಕಡೆ ಅದು ನಿತ್ಯದ ಊಟ. ಅಕ್ಕಿರೊಟ್ಟಿ, ಚಟ್ನಿಯ ಕುಂದೂರಿನಲ್ಲಿ ಅಷ್ಟಿಲ್ಲ. ನಾಲ್ಕು ಜನರಿಗೆ ದೊಡ್ಡಪತ್ರೆಯ ಹತ್ತೇ ಎಲೆ. ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಸಿಡಿಸಿ, ಎಲೆ ಬಾಡಿಸಿ, ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸುವುದು. ಥೈಮಾಲ್ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುವುದರಿಂದ ಘಮ ಹತ್ತೇ ಎಲೆಯಲ್ಲಿ ಇಡೀ ಪಾತ್ರೆಗೆ ಹರಡುತ್ತದೆ. ಎಲೆಯ ಕ್ಯಾರೊಟಿನ್ ಮೈಗೆ ಹತ್ತಲೂ ಆ ತುಪ್ಪ, ಆ ಕಾಯಿ ಬೇಕು. ಘಮ ಮುಂದಿದ್ದರೆ ನಾಲಗೆ ಉಪ್ಪು ಕಡಿಮೆ ಕೇಳುತ್ತದೆ. ರಕ್ತದೊತ್ತಡ ಇರುವ ಮನೆಗೆ ಕುಂಡದಿಂದ ಸಿಗುವ ನೇರ ಲಾಭ ಇದೇ ಎಂದು ನಾನು ತಿಳಿದಿದ್ದೇನೆ. ಕೊತ್ತಂಬರಿಯಲ್ಲಿ ಸೋಪಿನ ವಾಸನೆ ಬರುತ್ತದೆ ಎಂದು ದೂರುವವರೂ ಇದ್ದಾರೆ. 2012ರ ಒಂದು ಅಧ್ಯಯನ ಅವರ ಮೂಗಿನ ಗ್ರಾಹಕದ ಜೀನ್‌ಗಳತ್ತ ಬೆರಳು ತೋರಿತು. ಅವರಿಗೆ ಎಲೆ ಉದುರಿಸದೆ ನುಣ್ಣಗೆ ರುಬ್ಬಿದ ಚಟ್ನಿ ಕೊಡಿ. ಜಜ್ಜಿದಾಗ ಎಲೆಯ ಕಿಣ್ವಗಳೇ ಆ ಆಲ್ಡಿಹೈಡ್‌ಗಳನ್ನು ಒಡೆದು ಘಾಟು ತಗ್ಗಿಸುತ್ತವೆ.

ಕೊಯ್ಯುವುದಕ್ಕೂ ಲೆಕ್ಕವಿದೆ. ದೊಡ್ಡಪತ್ರೆ, ಪುದೀನ, ತುಳಸಿ ಮೂರರಲ್ಲೂ ತುದಿಯ ಕುಡಿ ಆಕ್ಸಿನ್ ಎಂಬ ಚೋದಕ ಕಳಿಸಿ ಕೆಳಗಿನ ಮೊಗ್ಗುಗಳನ್ನು ತಡೆದಿರುತ್ತದೆ. ಗೆಣ್ಣಿನ ಮೇಲಕ್ಕೆ ಚಿವುಟಿದರೆ ಆ ತಡೆ ತಪ್ಪಿ ಒಂದು ಕುಡಿಯ ಜಾಗದಲ್ಲಿ ಎರಡು ಬರುತ್ತವೆ. ಒಂದು ಸಲಕ್ಕೆ ಮೂರರಲ್ಲೊಂದು ಪಾಲು ಎಲೆ ಕಿತ್ತರೆ ಉಳಿದ ಎಲೆಗಳು ದುಡಿದು ಗಿಡವನ್ನು ಮತ್ತೆ ತುಂಬಿಸುತ್ತವೆ, ಮಳೆಗಾಲದ ಮಂದ ಬೆಳಕಿನಲ್ಲಿ ಅದಕ್ಕೂ ಕಡಿಮೆ ಕೀಳಬೇಕು. ಈ ಲೆಕ್ಕದಲ್ಲಿ ಬಕೆಟ್ಟಿನ ದೊಡ್ಡಪತ್ರೆ ವಾರಕ್ಕೆ ಎರಡು ತಂಬುಳಿಗೆ ಬರುತ್ತದೆ. ಚಕ್ರಮುನಿಯ ಕುಂಡದಿಂದ ವಾರಕ್ಕೊಂದು ಪಲ್ಯ ಕಷ್ಟ, ದಿನಕ್ಕೊಂದು ಲೋಟ ರಸ ಸಾಧ್ಯವೇ ಇಲ್ಲ.